ಎಡಗಡೆಯ ಕಲ್ಲು, ಅತ್ತೆಯ ಮುಡಿ

ಮಗಳು ಇನ್ನೂ ತೊದಲು ಮಾತಾಡುತ್ತಿದ್ದ ಕಾಲದಲ್ಲಿ ನನ್ನ ಎಡಗಡೆ ಮಲಗುವುದನ್ನು ನಿಲ್ಲಿಸಿಬಿಟ್ಟಳು. ಚಾಪೆಯ ಮೇಲೆ ಎಡಕ್ಕೆ ಎಳೆದುಕೊಂಡರೆ ಮೈ ಸೆಟೆಸಿ, ನನ್ನ ಹೊಟ್ಟೆಯನ್ನು ಹತ್ತಿ ಇಳಿದು ಬಲಕ್ಕೆ ಬಂದು ಬೀಳುತ್ತಿದ್ದಳು. ಯಾಕೆ ಎಂದರೆ, "ಅಲ್ಲಿ ಕಲ್ಲೈತೆ" ಎನ್ನುತ್ತಿದ್ದಳು. ಅಜ್ಜಿಯ ಸೊಂಟದ ಮೇಲೆ ಮಾತು ಕಲಿತ ಮಗು. ಅದಕ್ಕೆ ಗೊತ್ತಾದದ್ದು ಆ ಮನೆಯಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ.

ನನ್ನ ಎಡ ಮೊಲೆ ಗಟ್ಟಿಯಾಗಿತ್ತು. ಆ ಪದ ಬರೆಯಲು ಈ ವಯಸ್ಸಿನಲ್ಲಿ ನನಗೇನೂ ಸಂಕೋಚವಿಲ್ಲ. ಆಗ ಇತ್ತು. ನನಗಿತ್ತು, ನನ್ನ ತಾಯಿಗಿತ್ತು, ಗಂಡನ ವಿಷಯವಂತೂ ಕೇಳಲೇಬೇಡಿ. ಆ ಸಂಕೋಚದಿಂದಲೇ ಇಷ್ಟೆಲ್ಲ ರಾದ್ಧಾಂತವಾದದ್ದು. ಮೆತ್ತಗಿದ್ದದ್ದು ನಿಧಾನವಾಗಿ ಬಿಗಿಯುತ್ತಾ, ಗುಂಡಗಾಗುತ್ತಾ, ಮೇಲಕ್ಕೇರುತ್ತಾ ಬಂತು. ಬೋರಲು ಮಲಗಲು ಆಗುತ್ತಿರಲಿಲ್ಲ. ಮುದ್ದೆ ತಿರುವಲು ಕೋಲು ಹಿಡಿದರೆ ಕಂಕುಳವರೆಗೂ ಸೆಳೆಯುತ್ತಿತ್ತು. ಮಾಗಿಯ ಚಳಿಯಲ್ಲಿ ಕಂಬಳಿಯೊಳಗೆ ಮೈಯೆಲ್ಲ ಬೆಚ್ಚಗಿದ್ದರೂ ಅದೊಂದು ಮಾತ್ರ ತಣ್ಣಗಿರುತ್ತಿತ್ತು.

ನಾನು ಮೊದಲೇ ಕೂತಲ್ಲಿ ಕೂರುವವಳಲ್ಲ. ಆ ವರ್ಷ ಇನ್ನೂ ಅತಿಯಾಯಿತು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವುದು, ಮಡಿಸಿದ ಸೀರೆಯನ್ನು ಬಿಚ್ಚಿ ಮಡಿಸುವುದು, ಬಾಗಿಲಿಗೆ ಬಂದು ನಿಲ್ಲುವುದು, ಒಳಗೆ ಹೋಗುವುದು. ನಮ್ಮ ಮನೆ ಇದ್ದದ್ದು ಗೋವಿಂದರಾಜನಗರದ ಕಡೆ, ಹಳೇ ಹಳ್ಳಿಯ ಅಂಚಿನಲ್ಲಿ. ಹೊಲವೆಲ್ಲ ಸೈಟುಗಳಾಗಿ ಕಲ್ಲು ನೆಟ್ಟಿದ್ದರು. ಆ ಕಲ್ಲುಗಳ ನಡುವೆ ಮಗುವನ್ನು ಎತ್ತಿಕೊಂಡು ಸುಮ್ಮನೆ ಸುತ್ತುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕಂಡು ಹುಟ್ಟಿದ್ದೀಯೇನವ್ವಾ" ಎಂದು ಅತ್ತೆ ನಗುತ್ತಿದ್ದರು.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾನು ಮೈನೆರೆದ ಮೇಲೆ ಬಲಗಡೆ ಎಲ್ಲರಂತೆ ಬೆಳೆಯಿತು, ಎಡಗಡೆ ಹುಡುಗರ ಎದೆಯಂತೆ ಹಾಗೇ ಉಳಿಯಿತು. ರಾಜಾಜಿನಗರದಲ್ಲಿ ನಮ್ಮದು ಕಾರ್ಖಾನೆಯವರ ಮನೆಗಳ ಸಾಲು, ಗೋಡೆಗೆ ಗೋಡೆ ಅಂಟಿದ ಮನೆಗಳು. ಅಮ್ಮ ಬಾಗಿಲು ಹಾಕಿಕೊಂಡು ನನ್ನ ರವಿಕೆಯ ಒಂದು ಪಕ್ಕಕ್ಕೆ ಹತ್ತಿ ತುಂಬಿ ಹೊಲಿಯುತ್ತಿದ್ದಳು. ಬೆವರಿಗೆ ಹತ್ತಿ ಗಂಟು ಕಟ್ಟುತ್ತಿತ್ತು. ನಾನು ಕಿತ್ತು ಬಿಸಾಕುತ್ತಿದ್ದೆ, ಅವಳು ಬೆನ್ನಿಗೊಂದು ಕೊಟ್ಟು ಮತ್ತೆ ಹೊಲಿಯುತ್ತಿದ್ದಳು. ಗಂಡು ನೋಡುವ ವಯಸ್ಸು ಬಂದಾಗ ಬೊಂಬಾಯಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಒಂದು ಸುದ್ದಿ ತಂದ. ಅಲ್ಲಿನ ಸರ್ಜನ್ ಒಬ್ಬರು ವಿದೇಶದಿಂದ ತರಿಸಿದ ಸಿಲಿಕೋನ್ ಚೀಲ ಒಳಗಿಟ್ಟು ಹೊಲಿಯುತ್ತಾರೆ, ಹೊರಗಿನಿಂದ ವ್ಯತ್ಯಾಸವೇ ತಿಳಿಯುವುದಿಲ್ಲ ಎಂದು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೋದೆವು, ಇಟ್ಟರು, ಬಂದೆವು. ಕನ್ನಡಿಯಲ್ಲಿ ನೋಡಿಕೊಂಡು ಸಂತೋಷಪಟ್ಟೆ ಎನ್ನುವುದೂ ನಿಜವೇ. ಎರಡೂ ಕಡೆ ಒಂದೇ ತೂಕದ ರವಿಕೆ ಹಾಕಿಕೊಂಡು ಬೀದಿಯಲ್ಲಿ ನಡೆದದ್ದು ಆಗಲೇ ಮೊದಲು.

ಗಂಡಿನವರು ನೋಡಿ ಒಪ್ಪಿದ ಮೇಲೆ ನಾನು ಅಮ್ಮನಿಗೆ ಹೇಳಿದೆ, ಅವರಿಗೆ ಇರುವುದನ್ನು ಹೇಳಿಬಿಡೋಣ ಎಂದು. ಅಮ್ಮ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಒಂದು ಹೇಳ್ತೀನಿ, ಸುಮ್ನಿರೇ," ಎಂದಳು. ಆ ಒಂದು ಸುಳ್ಳನ್ನು ಬಹಳ ಯೋಚಿಸಿಯೇ ಆರಿಸಿದ್ದಳು. ಮೊಲೆಯ ಕೆಳಗೆ ಹೊಲಿಗೆಯ ಗೀಟು ಇತ್ತಲ್ಲ, ಅದನ್ನು ಯಾವತ್ತಾದರೂ ಯಾರಾದರೂ ನೋಡಿಯೇ ನೋಡುತ್ತಾರೆ. ಅದಕ್ಕೆ ಬೀಗಿತ್ತಿಯನ್ನು ಪಕ್ಕಕ್ಕೆ ಕರೆದು, ಹುಡುಗಿಗೆ ಎದೆಯಲ್ಲಿ ಒಂದು ಸಣ್ಣ ಗಡ್ಡೆ ಇತ್ತು, ಬೊಂಬಾಯಿಯಲ್ಲಿ ತೆಗೆಸಿದೆವು, ಕೆಟ್ಟದ್ದೇನೂ ಅಲ್ಲವಂತೆ ಎಂದು ಮೆಲ್ಲಗೆ ಹೇಳಿದಳು. ಅತ್ತೆಗೆ ಅದು ಬಹಳ ಮೆಚ್ಚುಗೆಯಾಯಿತಂತೆ. ಮುಚ್ಚಿಡದೆ ಹೇಳಿ ಹೆಣ್ಣು ಕೊಟ್ಟರು, ಒಳ್ಳೇ ಜನ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರು.

ನನ್ನ ಗಂಡನಿಗೆ ಜ್ಞಾನಭಾರತಿಯಲ್ಲಿ ಆಗತಾನೇ ಕಟ್ಟುತ್ತಿದ್ದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತಿಕೆ. ಸೈಕಲ್ಲಿನಲ್ಲಿ ಹೋಗಿ ಕೆಂಪು ಧೂಳು ಬಳಿದುಕೊಂಡು ಬರುತ್ತಿದ್ದರು. ಒಳ್ಳೆಯವರು, ಆದರೆ ಬಾಯಿಗೆ ಬೀಗ. ಮನೆ ನಡೆಸುತ್ತಿದ್ದವರು ಅತ್ತೆಯೇ. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ಅತ್ತೆ ಹೂವು ಮುಡಿಯುವುದನ್ನು ಬಿಟ್ಟಿದ್ದರು, ಕೂದಲ ಮೇಲಿನ ಆಸೆ ಮಾತ್ರ ಬಿಟ್ಟಿರಲಿಲ್ಲ. ಸೊಂಟ ದಾಟುವ ಕೂದಲು, ಒಂದೆಳೆ ಬಿಳುಪು ಕಾಣಲು ಬಿಡುತ್ತಿರಲಿಲ್ಲ. ದಾಸವಾಳದ ಎಲೆ, ಸೀಗೆಪುಡಿ, ಸಾಂಬ್ರಾಣಿ ಹೊಗೆ, ಅದರ ಉಪಚಾರಕ್ಕೆ ಅರ್ಧ ದಿನವೇ ಹೋಗುತ್ತಿತ್ತು. ಅಕ್ಕಪಕ್ಕದ ಹೆಂಗಸರು ಹೊಗಳಿದರೆ, "ಅಯ್ಯೋ, ಏನೈತೆ ಇದ್ರಲ್ಲಿ" ಎನ್ನುತ್ತಾ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು.

ದೀಪಾವಳಿಗೆ ಎಲ್ಲರಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಅವರದೇ ಹಕ್ಕು. ಸೊಸೆಗೂ ಅವರೇ ಹಚ್ಚಬೇಕು. ಆ ವರ್ಷ ಬಚ್ಚಲುಮನೆಯಲ್ಲಿ ನಾನು ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕೂತಿದ್ದೆ, ಹಂಡೆ ಕುದಿಯುತ್ತಿತ್ತು. ಹರಳೆಣ್ಣೆಯ ಕೈ ಭುಜದಿಂದ ಕಂಕುಳಿಗೆ ಇಳಿದು ಅಲ್ಲಿ ನಿಂತುಬಿಟ್ಟಿತು. ಮತ್ತೊಮ್ಮೆ ಒತ್ತಿದರು. ಆಮೇಲೆ ಬಲಗಡೆ ಒತ್ತಿ ನೋಡಿದರು. ನನಗೆ ನೀರು ಹಾಕಿ, ಮೈ ಒರೆಸಿ ಕಳಿಸಿದರು. ಹಬ್ಬದ ಅಡುಗೆ ಮಾಡುವಾಗ ಅವರ ಕಣ್ಣು ಸುರಿಯುತ್ತಿತ್ತು. ಒಲೆಯ ಹೊಗೆ ಎಂದರು.

ಅತ್ತೆಯ ಅಕ್ಕ ಎದೆಯ ಕ್ಯಾನ್ಸರಿನಲ್ಲಿ ಸತ್ತವರು. ನಾಚಿಕೆಗೆ ಯಾರಿಗೂ ಹೇಳದೆ ಸೆರಗು ಬಿಗಿದುಕೊಂಡು ಓಡಾಡಿ, ಗಡ್ಡೆ ಒಡೆದು ನಾರುವಾಗ ಗೊತ್ತಾದದ್ದು. ಹುಣ್ಣು ತೊಳೆದವರು ಅತ್ತೆಯೇ. ಈಗ ತೆಗೆಸಿದ್ದ ಗಡ್ಡೆ ಸೊಸೆಗೆ ಮತ್ತೆ ಬಂದಿದೆ ಎಂದು ಅವರಿಗೆ ಅನುಮಾನವೇ ಉಳಿಯಲಿಲ್ಲ. ಅಮ್ಮನ ಒಂದೇ ಒಂದು ಸುಳ್ಳು ಎಂಥ ಕಡೆಗೆ ಬಂದು ನಿಂತಿತು ನೋಡಿ! ಅವತ್ತಿನಿಂದ ನನಗೆ ಕೊಡ ಎತ್ತಲು ಬಿಡಲಿಲ್ಲ, ಒಲೆಯ ಮುಂದೆ ಬಿಡಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ನನ್ನ ಮುಂದಿಟ್ಟು, ತಿನ್ನುವವರೆಗೂ ಎದುರು ಕೂರುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು; ಅದು ನನಗೆ ಚೆನ್ನಾಗಿ ಬರುತ್ತದೆ. ಇದಕ್ಕೆ ಏನು ಮಾಡುವುದು?

ಅತ್ತೆಯಿಂದ ತಿಳಿದು ಗಂಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಎಂದರು. ಬೊಂಬಾಯಿ ಡಾಕ್ಟರ ಶಿಷ್ಯರೊಬ್ಬರು ಇಲ್ಲೇ ಇದ್ದಾರೆ, ಮೊದಲು ಅವರಿಗೆ ತೋರಿಸುತ್ತೇನೆ ಎಂದು ತಡೆದು, ಸಿಕ್ಕಿದ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋದೆ. ಅಮ್ಮ ಸಂಡಿಗೆ ಹಿಟ್ಟು ಕಲಸುತ್ತಿದ್ದಳು. ನಾನು ಅವತ್ತು ಅವಳಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಕೈ ತೊಳೆದು, ಸೀರೆ ಬದಲಿಸಿ, ನನ್ನ ಜೊತೆ ಆಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ: ಹೇಗಾದರೂ ಮೆತ್ತಗೆ ಮಾಡಿಸಿಕೋ, ಬಾಯಿ ಮಾತ್ರ ಬಿಡಬೇಡ.

ಆ ಶಿಷ್ಯ ಸರ್ಜನ್ ಸಮಾಧಾನದ ಮನುಷ್ಯ. ಒತ್ತಿ ನೋಡಿ ಇದು ಕ್ಯಾನ್ಸರ್ ಅಲ್ಲ ಎಂದು ಮೊದಲು ಹೇಳಿದರು. ನನಗದು ಗೊತ್ತಿತ್ತು, ಆದರೂ ಇನ್ನೊಮ್ಮೆ ಹೇಳಿಸಿಕೊಂಡೆ. "ಚೀಲ ಈಗಲೂ ಮೆತ್ತಗೇ ಇದೆಯಮ್ಮಾ. ಹೊರಗಿನದು ಏನೇ ಬಂದರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತೆ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗಿ, ಚೀಲವನ್ನು ಹಿಂಡುತ್ತೆ. ನಿಮಗೆ ಕಲ್ಲು ಅನ್ನಿಸ್ತಿರೋದು ಆ ಹಿಡಿತ," ಎಂದರು. ಬಿಗಿ ರವಿಕೆಯನ್ನು ಚರ್ಮದ ಒಳಗೆ ತೊಟ್ಟ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಯಾಕೆ ಹೀಗಾಯಿತು, ನಾನೇನು ತಪ್ಪು ಮಾಡಿದೆ ಎಂದು ಕೇಳಿದ್ದಕ್ಕೆ, ನೀವೇನೂ ಮಾಡಿಲ್ಲ, ಯಾರಲ್ಲಿ ಆಗುತ್ತೆ ಯಾರಲ್ಲಿ ಆಗಲ್ಲ ಅಂತ ನಮಗೂ ಗೊತ್ತಿಲ್ಲ ಎಂದರು.

ಆಮೇಲೆ ದಾರಿಗಳನ್ನು ಹೇಳಿದರು. ನೋವು ತಡೆದುಕೊಳ್ಳುವಂತಿದ್ದರೆ ಹಾಗೇ ಬಿಡಬಹುದು. ಇಲ್ಲವೇ ಹೊರಗಿನಿಂದ ಎರಡೂ ಕೈಯಲ್ಲಿ ಬಲವಾಗಿ ಹಿಸುಕಿ ಪೊರೆಯನ್ನು ಒಳಗೇ ಸೀಳಬಹುದು. ಕತ್ತಿ ಬೇಡ, ಹೊಲಿಗೆ ಬೇಡ, ವಿದೇಶದಲ್ಲಿ ಈಚೆಗೆ ಮಾಡುತ್ತಿದ್ದಾರೆ, ಆದರೆ ಒಳಗೆ ರಕ್ತ ಕಟ್ಟಬಹುದು, ಚೀಲವೇ ಒಡೆಯಬಹುದು, ಮತ್ತೆ ಗಟ್ಟಿಯಾಗುವುದೂ ಉಂಟು. ಅದೂ ಬೇಡವೆಂದರೆ ಹಳೇ ಗಾಯದಲ್ಲೇ ತೆರೆದು ಪೊರೆಯನ್ನು ಅಲ್ಲಲ್ಲಿ ಕೊಯ್ದು ಸಡಿಲ ಮಾಡುವುದು, ಅಥವಾ ಪೊರೆಯನ್ನೇ ಬಿಡಿಸಿ ತೆಗೆದು ಹೊಸ ಚೀಲ ಇಡುವುದು. ಇನ್ನೊಂದನ್ನು ಹೇಳಲು ಅವರು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಮ್ಮ ನಡುವೆ ಬಾಯಿ ಹಾಕಿ, ಆ ಹಿಸುಕುವುದನ್ನೇ ಮಾಡಿಬಿಡಿ ಡಾಕ್ಟ್ರೇ, ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅವರು ನನ್ನ ಮುಖ ನೋಡಿದರು. ಆ ರೊಟ್ಟಿ ಬೆಣ್ಣೆ ನಿಂತರೆ ಸಾಕಾಗಿತ್ತು ನನಗೆ. ಹೂಂ ಎಂದೆ.

ಹಲಗೆಯ ಮೇಲೆ ಮಲಗಿಸಿ, ಎರಡು ಅಂಗೈ ನಡುವೆ ಹಿಡಿದು ಹಿಸುಕಿದರು. ಸೆರಗನ್ನು ಕಚ್ಚಿಕೊಂಡೆ. ಒದ್ದೆ ಬಟ್ಟೆ ಹರಿದಂಥ ಸದ್ದು ನನ್ನ ಮೈಯೊಳಗಿನಿಂದಲೇ ಬಂತು, ಅದು ಅಮ್ಮನಿಗೂ ಕೇಳಿಸಿತು. ಆಮೇಲೆ ಮುಟ್ಟಿಕೊಂಡರೆ ಮೆತ್ತಗೆ. ನಂಬಲಾಗಲಿಲ್ಲ. ಅಳುತ್ತಾ ನಗುತ್ತಾ ಕೂತೆ. ಅಮ್ಮ ನನ್ನನ್ನು ಮನೆಯವರೆಗೂ ಬಿಡಲು ಬಂದು, ಹಳೇ ಗಾಯದ ಗಂಟಂತೆ, ಡಾಕ್ಟರು ಕೈಯಲ್ಲೇ ಕರಗಿಸಿದರು ಎಂದು ಬೀಗಿತ್ತಿಗೆ ಎರಡನೇ ಸುಳ್ಳನ್ನೂ ಹೇಳಿ, ಕಾಫಿ ಕುಡಿದು ಹೋದಳು. ಅತ್ತೆ ನನ್ನನ್ನು ಒಳಗೆ ಕರೆದು ಮುಟ್ಟಿ ನೋಡಿದರು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು.

ಎಷ್ಟು ಹಗುರವಾಗಿದ್ದೆ! ಮಗಳು ಎಡಗಡೆಗೂ ಬಂದು ಮಲಗತೊಡಗಿದಳು. ಸಂಕ್ರಾಂತಿಗೆ ನಾನೇ ಎಳ್ಳು ಬೀರಲು ಬೀದಿಯೆಲ್ಲ ಸುತ್ತಿದೆ. ಸಂಕ್ರಾಂತಿ ಕಳೆದ ಮೇಲೆ ಅತ್ತೆ, ನೆಂಟರ ಜೊತೆ ತಿರುಪತಿಗೆ ಹೋಗಿಬರುತ್ತೇನೆ ಎಂದು ಹೊರಟರು. ಸುಮ್ಮನೆ ದರ್ಶನಕ್ಕೆ ಎಂದುಕೊಂಡೆ. ಅವರು ವಾಪಸು ಬಂದಾಗ ನಾನು ಅಂಗಳದಲ್ಲಿ ಮಗುವಿಗೆ ಅನ್ನ ತಿನ್ನಿಸುತ್ತಿದ್ದೆ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಗೇಟು ತೆರೆದಳು. ಯಾರು ಬೇಕಿತ್ತು ಎಂದು ಕೇಳಿಯೂಬಿಟ್ಟೆ. ಸೆರಗು ಜಾರಿತು. ನುಣ್ಣಗೆ ಬೋಳಿಸಿದ ತಲೆಗೆ ಗಂಧ ಬಳಿದಿತ್ತು. "ನಿಂಗೋಸ್ಕರ ಹೇಳ್ಕಂಡಿದ್ದೆ ಕಣವ್ವ, ತೀರಿಸ್ಬಿಟ್ಟೆ," ಎಂದು ಪ್ರಸಾದ ಕೈಗಿಟ್ಟರು. ಮಗು ಹೆದರಿ ಅತ್ತಿತು. ನಾನು ಅನ್ನದ ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

ಬೀದಿಯವರೆಲ್ಲ ಬಂದು ನೋಡಿಹೋದರು. ಸೊಸೆಗೋಸ್ಕರ ಮುಡಿ ಕೊಟ್ಟ ಅತ್ತೆ ಎಂದು ಅವರ ಮಾತು. ಅತ್ತೆ ಎಲ್ಲರ ಮುಂದೆ ನಗುತ್ತಿದ್ದರು. ಒಬ್ಬರೇ ಇದ್ದಾಗ ಕೈ ತಾನಾಗಿಯೇ ಜಡೆ ಹುಡುಕಿಕೊಂಡು ಬೆನ್ನಿಗೆ ಹೋಗಿ, ಏನೂ ಸಿಗದೆ ವಾಪಸು ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿ. ಯಾವ ಗಡ್ಡೆಗೆ ಕೊಟ್ಟ ಮುಡಿ ಅದು? ಇಲ್ಲದ ಗಡ್ಡೆಗೆ! ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ, ಬೇಳೆ ತೊಳೆಯಲೇ ಎಂದು ಕೇಳುತ್ತಿದ್ದೆ. ಇನ್ನು ಹೇಳಿ ಏನು ಪ್ರಯೋಜನ, ಮೆತ್ತಗಾಯಿತಲ್ಲ, ಮುಗಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಮತ್ತೆ ಆ ಸೈಟುಗಳ ನಡುವೆ ಸುತ್ತಲು ಶುರುಮಾಡಿದೆ.

ಮುಗಿದಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಎಡಗಡೆ ಮತ್ತೆ ಬಿಗಿಯುತ್ತಾ ಬಂತು, ಮೊದಲಿಗಿಂತ ಬೇಗ, ಮೊದಲಿಗಿಂತ ನೋವಾಗಿ. ಮಗಳು ನನ್ನ ಹೊಟ್ಟೆಯನ್ನು ಹತ್ತಿ ಇಳಿದು ಬಲಕ್ಕೆ ಹೋದಳು.

ಯುಗಾದಿ ಬಂತು. ಮತ್ತೆ ಎಣ್ಣೆಸ್ನಾನ. ಜ್ವರ ಬಂದಿದೆ ಎಂದು ಹೇಳಿ ನೋಡಿದೆ, ಅತ್ತೆ ಹಣೆ ಮುಟ್ಟಿ, "ಏಳೇಳು, ನೀರು ಕಾದೈತೆ" ಎಂದರು. ಮಣೆಯ ಮೇಲೆ ಕೂತೆ. ನೆತ್ತಿಗೆ ಎಣ್ಣೆ ಬಿತ್ತು, ಅವರ ಬೆರಳು ಕತ್ತಿಗೆ ಇಳಿಯಿತು, ಭುಜಕ್ಕೆ ಇಳಿಯಿತು. ಇನ್ನೊಂದು ಗೇಣು ಇಳಿದರೆ ಮತ್ತೆ ಅದೇ ಭಯ, ಮತ್ತೊಂದು ಹರಕೆ. ಅವರ ಹತ್ತಿರ ಕೊಡಲು ಇನ್ನೇನು ಉಳಿದಿತ್ತು? ಅವರ ಕೈಯನ್ನು ಹಿಡಿದುಕೊಂಡುಬಿಟ್ಟೆ.

"ಅತ್ತೆ, ಅದು ಗಡ್ಡೆ ಅಲ್ಲ. ಯಾವತ್ತೂ ಗಡ್ಡೆ ಇರ್ಲೇ ಇಲ್ಲ," ಎಂದೆ.

ಎಲ್ಲವನ್ನೂ ಹೇಳಿದೆ. ಬೆಳೆಯದ ಮೊಲೆ, ಹತ್ತಿಯ ರವಿಕೆ, ಬೊಂಬಾಯಿ, ಚೀಲ, ಅಮ್ಮನ ಮಾತು, ಡಾಕ್ಟರ ಕೈ, ಎಲ್ಲ. ಬೆನ್ನು ತಿರುಗಿಸಿ ಕೂತಿದ್ದರಿಂದ ಅವರ ಮುಖ ಕಾಣುತ್ತಿರಲಿಲ್ಲ. ಕೊನೆಗೆ ಅತ್ತೆ, "ಹಂಗಾರೆ ದೇವ್ರ ಮುಂದೆ ನಾನು ಸುಳ್ಳಿಗೆ ತಲೆ ಬೋಳಿಸ್ಕಂಡ್ನಾ?" ಎಂದರು. ದನಿ ಏರಿಸಲಿಲ್ಲ. ಎಣ್ಣೆ ಬಟ್ಟಲನ್ನು ಕೆಳಗಿಟ್ಟು ಹೊರಗೆ ಹೋದರು.

ತಲೆಯಿಂದ ಎಣ್ಣೆ ಕಣ್ಣಿಗಿಳಿಯುತ್ತಿತ್ತು. ಏಳಲೂ ಧೈರ್ಯವಿಲ್ಲ, ಕೂರಲೂ ಆಗುತ್ತಿಲ್ಲ. ಹೊರಗೆ ಏನೋ ಪಾತ್ರೆ ದಡಾರೆಂದು ಬಿತ್ತು, ನಾಯಿಗೆ ಬೈದದ್ದು ಕೇಳಿಸಿತು. ಆಮೇಲೆ ಅವರು ಮತ್ತೆ ಒಳಗೆ ಬಂದರು. ಎಣ್ಣೆ ತಲೆಯಲ್ಲಿ ಕೂತರೆ ಶೀತವಾಗುತ್ತದೆ ಎಂದಷ್ಟೇ ಹೇಳಿ, ಸೀಗೆಪುಡಿ ಹಾಕಿ ಉಜ್ಜಿ ನೀರು ಹಾಕಿದರು. ಅಷ್ಟು ಗಟ್ಟಿಯಾಗಿ ಅವರು ಯಾವತ್ತೂ ಉಜ್ಜಿರಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತು ನಿಲ್ಲಿಸಿದರು. ಬೇಕಾದ್ದನ್ನು ಮಗುವಿಗೆ ಹೇಳುತ್ತಿದ್ದರು, ಮಗು ನನಗೆ ಹೇಳುತ್ತಿತ್ತು. ಬೇವು ಬೆಲ್ಲ ಮಾತ್ರ ನನ್ನ ತಟ್ಟೆಗೆ ಅವರೇ ಹಾಕಿದ್ದರು.

ಗಂಡನಿಗೂ ಹೇಳಿದೆ. ಎರಡು ದಿನ ಬಚ್ಚಲ ಒಲೆಗೆ ಸೌದೆ ಒಡೆಯುತ್ತಾ ಕೂತರು, ಇನ್ನೊಂದು ವರ್ಷಕ್ಕಾಗುವಷ್ಟು. ಆಮೇಲೆ ಬಂದು, ಗಟ್ಟಿಯಾಗಿದೆ ಅಂತ ಮೊದಲೇ ನನಗೂ ಗೊತ್ತಾಗಿತ್ತು, ಕೇಳೋಕೆ ನಾಚಿಕೆಯಾಯಿತು ಎಂದರು. ತುಂಬಾ ನೋಯುತ್ತಾ ಎಂದು ಕೇಳಿದರು. ಹೂಂ ಎಂದಾಗ ನನಗೆ ಅಳು ಬಂತು. ಆ ಮನೆಯಲ್ಲಾಗಲಿ ಈ ಮನೆಯಲ್ಲಾಗಲಿ ಅದನ್ನು ಕೇಳಿದವರು ಅವರೇ ಮೊದಲು.

ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋದಾಗ ಗಂಡ, ಅಮ್ಮ ಇಬ್ಬರೂ ಬಂದರು. ಹೊರಡುವ ಹೊತ್ತಿಗೆ ಅತ್ತೆಯೂ ಸೆರಗು ಹೊದ್ದುಕೊಂಡು ಬಸ್ಸು ಹತ್ತಿದರು, ಯಾರೂ ಕರೆದಿರಲಿಲ್ಲ. ಅಮ್ಮ ಅವರ ತಲೆ ನೋಡಿದವಳೇ ಬಗ್ಗಿ ಕಾಲು ಹಿಡಿಯಲು ಹೋದಳು. ಅತ್ತೆ ಕಾಲನ್ನು ಹಿಂದಕ್ಕೆಳೆದುಕೊಂಡು ಕಿಟಕಿಯ ಕಡೆ ತಿರುಗಿದರು.

ಸರ್ಜನ್ ಮತ್ತೆ ದಾರಿಗಳನ್ನು ಹೇಳಿದರು. ಇನ್ನೊಮ್ಮೆ ಹಿಸುಕಬಹುದು, ಆದರೆ ಇಷ್ಟು ಬೇಗ ವಾಪಸು ಬಂದದ್ದು ಮತ್ತೂ ಬರಬಹುದು. ತೆರೆದು, ಪೊರೆಯನ್ನು ಬಿಡಿಸಿ, ಹೊಸ ಚೀಲವನ್ನು ಎದೆಯ ಸ್ನಾಯುವಿನ ಕೆಳಗೆ ಇಡಬಹುದು. ಅಲ್ಲಿ ಗಟ್ಟಿಯಾಗುವುದು ಸ್ವಲ್ಪ ಕಡಿಮೆ ಎನ್ನುತ್ತಾರೆ, ಖಂಡಿತ ಎಂದು ಹೇಳಲಾರೆ ಎಂದರು. ಅಮ್ಮ ತಕ್ಷಣ, ಹೊಸದೇ ಇಡಿ, ಇನ್ನೂ ಚಿಕ್ಕ ವಯಸ್ಸು ಎಂದಳು. ಗಂಡ ನೆಲ ನೋಡುತ್ತಿದ್ದರು. ಅವತ್ತು ಇನ್ನೊಂದು ದಾರಿ ಹೇಳಲು ಹೋಗಿ ಬಿಟ್ಟಿರಲ್ಲ, ಅದೇನು ಎಂದು ನಾನು ಕೇಳಿದೆ.

"ಎಲ್ಲವನ್ನೂ ತೆಗೆದು, ಏನೂ ಇಡದೆ ಮುಚ್ಚೋದು. ನೋವು ಹೋಗುತ್ತೆ. ಎದೆ ಮೊದಲಿನ ಹಾಗಾಗುತ್ತೆ, ಚರ್ಮ ಸ್ವಲ್ಪ ಸುಕ್ಕಾಗಿರುತ್ತೆ. ಅದಕ್ಕೆ ನೀವು ಒಪ್ಪಬೇಕು," ಎಂದರು.

"ನೀವು" ಎಂದಾಗ ಅವರು ನನ್ನನ್ನೇ ನೋಡುತ್ತಿದ್ದರು. ಅದನ್ನೇ ಮಾಡಿ ಎಂದೆ. ಅಮ್ಮ ಅಯ್ಯೋ ಎಂದು ಸೆರಗಿಗೆ ಮುಖ ಒತ್ತಿಕೊಂಡಳು.

ಎಚ್ಚರವಾದಾಗ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಸೆಕೆಗೆ ಸೆರಗು ತೆಗೆದಿದ್ದರು. ತಲೆಯ ತುಂಬ ಗಿಡ್ಡ ಕೂದಲು ಬಂದಿತ್ತು, ಅರ್ಧಕ್ಕರ್ಧ ಬಿಳಿ. ಆ ಬಿಳುಪನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅತ್ತರೆ ಹೊಲಿಗೆ ಎಳೆಯುತ್ತಿತ್ತು, ಆದರೂ ಅಳು ನಿಲ್ಲಲಿಲ್ಲ. ನಿಮ್ಮ ಕೂದಲು ದಂಡವಾಯಿತಲ್ಲ ಅತ್ತೆ, ನನ್ನಿಂದ ದಂಡವಾಯಿತಲ್ಲ ಎಂದು ಅದನ್ನೇ ಹೇಳುತ್ತಿದ್ದೆ.

ಅತ್ತೆ ಒದ್ದೆ ಬಟ್ಟೆಯಿಂದ ನನ್ನ ಬಾಯಿ ಒರೆಸಿದರು. ಯುಗಾದಿಯ ನಂತರ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು.

"ಯಾಕೆ ದಂಡ? ಗಡ್ಡೆ ಕರಗಿಸಪ್ಪಾ ಅಂತ ನಾನು ಕೇಳಿರ್ಲಿಲ್ಲ. ನಮ್ಮಕ್ಕನ ಕಾಯ್ಲೆ ಇವಳಿಗೆ ಬ್ಯಾಡ ಅಂತ ಕೇಳಿದ್ದೆ. ಆ ಕಾಯ್ಲೆ ಅಲ್ಲ ತಾನೆ? ಕೇಳಿದ್ದು ಕೊಟ್ಟವ್ನೆ, ಕೊಡ್ತೀನಿ ಅಂದಿದ್ದು ಕೊಟ್ಟಿವ್ನಿ. ಸುಮ್ಕೆ ಮಲಕ್ಕೊ."

ಆಮೇಲೆ ಬೀಸಣಿಗೆ ತೆಗೆದುಕೊಂಡು ಗಾಳಿ ಹಾಕತೊಡಗಿದರು. ಎಷ್ಟೋ ತಿಂಗಳ ಮೇಲೆ ನಾನು ಅಲ್ಲಾಡದೆ ಒಂದು ಕಡೆ ಮಲಗಿದೆ.